ಗೂಬೆಯ ಪಕ್ಕದ ಕುರ್ಚಿ

ಗೋಡೆಯ ಮೇಲಿನ ಆ ಪ್ಲಗ್ಗನ್ನು ನೋಡದೆ ಸಿಂಕಿನವರೆಗೆ ಹೋಗಿ ಕೈ ತೊಳೆದು ಬರಲು ಸಾಧ್ಯವೇ ಎಂದು ಲೆಲ್ಯಾಂಡ್ ಡ್ವೊರಾಚೆಕ್ ಬೆಳಗಿನಿಂದ ಪ್ರಯತ್ನಿಸುತ್ತಿದ್ದ. ಸಾಧ್ಯವಿತ್ತು. ಆದರೆ ಅದಕ್ಕೆ ಕತ್ತನ್ನು ಪೂರಾ ಕಿಟಕಿಯ ಕಡೆ ತಿರುಗಿಸಿಕೊಂಡು ನಡೆಯಬೇಕಾಗಿತ್ತು, ಹಾಗೆ ನಡೆದಾಗಲೆಲ್ಲ ಮರಗೆಲಸದ ಬೆಂಚಿನ ಮೂಲೆ ಅವನ ಸೊಂಟಕ್ಕೆ ಬಡಿಯುತ್ತಿತ್ತು. ಮಣ್ಣಿನ ಪಾಠಕ್ಕೆ ಬಂದಿದ್ದ ಹುಡುಗರು ಅಂಗೈಯಲ್ಲಿ ಒದ್ದೆ ಮಣ್ಣನ್ನು ಹಿಡಿದು, ಹೆಬ್ಬೆರಳಿನಿಂದ ಒತ್ತಿ ರಿಬ್ಬನ್ನಿನಂತೆ ಹೊರಗೆ ತಳ್ಳಿ, ಎಷ್ಟುದ್ದ ಬಂದರೆ ಎಷ್ಟು ಜೇಡಿ ಎಂದು ಪರೀಕ್ಷಿಸುತ್ತ ಕೂತಿದ್ದವರು ಅದನ್ನು ಗಮನಿಸಿಬಿಟ್ಟರು. "ಮಿಸ್ಟರ್ ಡಿ, ಕತ್ತು ಉಳುಕಿದೆಯಾ?" ಎಂದ ಒಬ್ಬ. "ಹ್ಞೂಂ. ದಿಂಬು ಸರಿಯಿರಲಿಲ್ಲ" ಅಂದುಬಿಟ್ಟ. ಅಂದಮೇಲೆ ಕೈಯಲ್ಲಿದ್ದ ಟವೆಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಸೋಮವಾರದಿಂದ ಈವರೆಗೆ ಅವನು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಸುಮ್ಮನಿದ್ದ, ಅಷ್ಟೆ. ಸುಮ್ಮನಿರುವುದಕ್ಕೂ ಸುಳ್ಳಾಡುವುದಕ್ಕೂ ನಡುವೆ ಒಂದು ಬೇಲಿಯಿದೆ, ತಾನಿನ್ನೂ ಬೇಲಿಯ ಈಚೆಗಿದ್ದೇನೆ ಎಂದು ದಿನವೂ ಕಾರಿನಲ್ಲಿ ಬರುವಾಗ ಸಮಾಧಾನ ಮಾಡಿಕೊಳ್ಳುತ್ತಿದ್ದ. ಈಗ ಹೋಗಿ ಹೋಗಿ ಒಂದು ದಿಂಬಿನ ದೆಸೆಯಿಂದ ಬೇಲಿ ಹಾರಿದ್ದಾಯಿತು.

ಪ್ಲಗ್ಗಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿತ್ತು. 'ಕೀಳಬಾರದು. ಮ್ಯಾರೆನ್, ಇದು ನಿನಗೇ.' ತರಗತಿಯ ಹುಡುಗ ಡಾಸನ್ ಬೋಕ್‌ನ ಅಕ್ಷರ. ಪ್ಲಗ್ಗಿನ ಕೆಳಗೆ ಕಾವಿನ ಪೆಟ್ಟಿಗೆ. ಒಳಗೆ ಮೊಟ್ಟೆಗಳಿರಲಿಲ್ಲ; ಆದರೂ ದೀಪ ಉರಿಯುತ್ತಿತ್ತು, ಗಾಜಿನ ಮೇಲೆ ಬೆವರಿತ್ತು. ಹೋದ ವಾರ ಅಲ್ಲಿ ಸಾಲಾಗಿ ಮೊಟ್ಟೆಗಳಿದ್ದವು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಒಬ್ಬೊಬ್ಬ ಹುಡುಗನ, ಹುಡುಗಿಯ ಹೆಸರು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿದ ದಿನ ಯಾವಾಗಲೂ ಗದ್ದಲ ಮಾಡುವ ಮೊದಲ ವರ್ಷದವರು ಕೂಡ ಉಸಿರು ಬಿಗಿಹಿಡಿದು ನಿಂತಿದ್ದರು: ಕೆಂಪು ಬೆಳಕಿನೊಳಗೆ ಜೇಡರಬಲೆಯಂಥ ನರಗಳು, ನಡುವೆ ಮಿಡಿಯುವ ಒಂದು ಚುಕ್ಕೆ. 'ಮಿಸ್ಟರ್ ಡಿ' ಎಂದು ಬರೆದಿದ್ದ ಮೊಟ್ಟೆ ಮಾತ್ರ ಬರೀ ಬೆಳಕಾಗಿತ್ತು, ಒಳಗೆ ಏನೂ ಇರಲಿಲ್ಲ. "ಸರ್, ನಿಮ್ಮದು ಬಂಜೆ!" ಎಂದು ಕತ್ತಲಲ್ಲಿ ಯಾರೋ ಕೂಗಿ, ಎಲ್ಲರೂ ನಕ್ಕು, ಅವನೂ ನಕ್ಕಿದ್ದ. ಸೋಮವಾರ ಬೆಳಿಗ್ಗೆ ಪ್ಲಗ್ಗು ಬೋರ್ಡಿನಿಂದ ಕಳಚಿ ಕಟ್ಟೆಯ ಮೇಲೆ ಬಿದ್ದಿತ್ತು. ಎಲ್ಲರ ಮೊಟ್ಟೆಗಳೂ ತಣ್ಣಗಾಗಿ, ಅವನದರಂತೆ ಜೀವವಿಲ್ಲದಾಗಿದ್ದವು.

ಅವನು ಆಗ ಕೇಳಿದ್ದು ಒಂದೇ ಪ್ರಶ್ನೆ. "ಶುಕ್ರವಾರ ಮೊಟ್ಟೆ ತಿರುಗಿಸುವ ಕೊನೆಯ ಪಾಳಿ ಯಾರದು?" ನಿಜವಾಗಿಯೂ ತಿಳಿಯದೆ ಕೇಳಿದ್ದ. ಅದನ್ನು ಅವನು ದೇವರ ಮುಂದೆ ಬೇಕಾದರೂ ಹೇಳಬಲ್ಲ. ಎಲ್ಲರೂ ಮ್ಯಾರೆನ್ ಸ್ಟುಲ್ ಕಡೆ ತಿರುಗಿದರು. "ನನ್ನದು. ಆದ್ರೆ ನಾನು ಪ್ಲಗ್ ಮುಟ್ಟಿಲ್ಲ" ಅಂದಳು ಮ್ಯಾರೆನ್. ಅವನು ಏನೂ ಅನ್ನಲಿಲ್ಲ. ಮೇಷ್ಟರು ಏನೂ ಅನ್ನಲಿಲ್ಲವೆಂದರೆ ಏನೋ ಅಂದಹಾಗೆಯೇ. ಗೂಬೆ ಮ್ಯಾರೆನ್ ತಲೆಯ ಮೇಲೆ ಕೂತದ್ದು ಹೀಗೆ.

ಅದೇ ಸಂಜೆ ಮನೆಯಲ್ಲಿ ಹೆಂಡತಿ ನೋರೀನ್ ಲೋಟಕ್ಕೆ ಕಾಫಿ ಬಗ್ಗಿಸಿದ್ದೇ ತಡ, ಆ ವಾಸನೆಯ ಜೊತೆಗೆ ಶುಕ್ರವಾರದ ಸಂಜೆ ಇಡಿಯಾಗಿ ಎದ್ದು ಬಂತು. ಎಲ್ಲರೂ ಮನೆಗೆ ಹೋಗಿದ್ದರು. ಮರುದಿನ ಜಿಲ್ಲೆಯ ಔತಣಕೂಟದಲ್ಲಿ ಅವನಿಗೆ ಶಾಲಾ ಸಂಘಗಳ ಉತ್ತಮ ಸಲಹೆಗಾರ ಎಂದು ಒಂದು ಮರದ ಫಲಕ ಕೊಡುವವರಿದ್ದರು, ಫಲಕಕ್ಕೆ ಪ್ರತಿಯಾಗಿ ಅವನು ಒಂದು ಪುಟ್ಟ ಭಾಷಣ ಮಾಡಬೇಕಿತ್ತು. ಖಾಲಿ ಕುರ್ಚಿಗಳ ಮುಂದೆ ಅಭ್ಯಾಸ ಮಾಡೋಣವೆನ್ನಿಸಿತು. ಅಭ್ಯಾಸಕ್ಕೆ ಮೊದಲು ಒಂದು ಲೋಟ ಕಾಫಿ ಬೇಕೆನ್ನಿಸಿತು. ಸಿಂಕಿನ ಪಕ್ಕದ ಬೋರ್ಡಿನಲ್ಲಿ ಎರಡು ತೂತುಗಳಿದ್ದರೂ ಒಂದು ಚಳಿಗಾಲದಿಂದಲೇ ಸತ್ತಿದೆ. ಇನ್ನೊಂದರಲ್ಲಿದ್ದುದನ್ನು ಕಿತ್ತ. ಕಾಫಿ ಮಾಡಿಕೊಂಡ. ಲೋಟ ಹಿಡಿದು ಕುರ್ಚಿಗಳಿಗೆ ಭಾಷಣ ಹೇಳಿದ; ಅವನಿಗೇ ಮೆಚ್ಚಿಗೆಯಾಗಿ ಮತ್ತೊಮ್ಮೆ ಹೇಳಿದ. ಆಮೇಲೆ ಕಾಫಿ ಯಂತ್ರ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು, ದೀಪ ಆರಿಸಿ, ಶಿಳ್ಳೆ ಹಾಕುತ್ತ ಮನೆಗೆ ಹೋದ. ಭಾಷಣದ ವಿಷಯ ಹೊಣೆಗಾರಿಕೆ.

ಫಲಕ ಈಗ ಅವನ ಮೇಜಿನ ಡ್ರಾಯರಿನಲ್ಲಿ ಬೋರಲಾಗಿ ಮಲಗಿದೆ. ಮಂಗಳವಾರ ಹೇಳಿಬಿಡಬೇಕೆಂದುಕೊಂಡೇ ಬಂದಿದ್ದ. ತಮಾಷೆಯಾಗಿ ಹೇಳುವುದು ಹೇಗೆಂದೂ ಯೋಚಿಸಿದ್ದ: 'ಕಳ್ಳ ಸಿಕ್ಕಿದ, ಮಕ್ಕಳೇ, ಅವನಿಗೆ ಬೊಕ್ಕತಲೆ.' ಬಾಗಿಲು ತೆಗೆದರೆ ಆ ಹಳದಿ ಚೀಟಿ. ಚೀಟಿ ಬಂದಮೇಲೆ ತಮಾಷೆಯಾಗಿ ಹೇಳುವ ಹಾಗಿರಲಿಲ್ಲ. ಗಂಭೀರವಾಗಿ ಹೇಳಲು ಬುಧವಾರವೇ ಮೇಲು ಅನ್ನಿಸಿತು. ಬುಧವಾರ ಊಟದ ಹೊತ್ತಿಗೆ ತಟ್ಟೆಯಲ್ಲಿ ಮಾಂಸ-ಕಾಳಿನ ಚಿಲ್ಲಿ ಸಾರು ಮತ್ತು ದಾಲ್ಚಿನ್ನಿ ರೋಲ್ ಇಟ್ಟುಕೊಂಡು ಮ್ಯಾರೆನ್ ಒಬ್ಬಳೇ ಕೂತಿದ್ದಳು. ಅವಳ ಎದುರಿನ ಕುರ್ಚಿ ಖಾಲಿಯಿತ್ತು. ಅವನು ತಟ್ಟೆ ಹಿಡಿದು ಅಲ್ಲಿಯವರೆಗೆ ಹೋಗಿ, "ರೋಲ್ ಚೆನ್ನಾಗಿದೆಯಾ?" ಎಂದು ಕೇಳಿ ಮುಂದೆ ಹೋದ. "ಯಾವಾಗಿನ ಹಂಗೇ ಇದೆ, ಸರ್" ಎಂದಳು ಅವಳು, ತಲೆಯೆತ್ತದೆ.

ಇವತ್ತು ಗುರುವಾರ. ಶಾಲೆ ಬಿಟ್ಟಮೇಲೆ ಇದೇ ಕೋಣೆಯಲ್ಲಿ ಸಂಘದ ತಿಂಗಳ ಸಭೆ. ಸಂಘವೆಂದರೆ ಹೊಲದ ಮಕ್ಕಳ ಸಂಘ. ಬೀಜ, ಮಣ್ಣು, ದನಗಳ ಪಾಠದ ಜೊತೆಗೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನೂ, ಸಭೆ ನಡೆಸುವುದನ್ನೂ ಕಲಿಸುವಂಥದು. ನೆಬ್ರಾಸ್ಕಾದ ಈ ಮೂಲೆಯಲ್ಲಿ ಅಪ್ಪ ತೊಟ್ಟ ಸಂಘದ ನೀಲಿ ಕಾರ್ಡ್‌ರಾಯ್ ಜಾಕೆಟ್ಟನ್ನು ಮಗ ತೊಟ್ಟು, ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಕೂರುತ್ತಾನೆ. ಲೆಲ್ಯಾಂಡ್ ಕೂಡ ಒಂದು ಕಾಲಕ್ಕೆ ಹಾಗೆಯೇ ಕೂತಿದ್ದವನು. ಮಣ್ಣು ಪರೀಕ್ಷಿಸುವ ಸ್ಪರ್ಧೆಯಲ್ಲಿ ಅವನ ಮಕ್ಕಳು ಅಷ್ಟಕ್ಕಷ್ಟೆ. ಆದರೆ ಸಭಾನಿಯಮದಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇಲ್ಲ. ಯಾರು ಯಾವಾಗ ಏಳಬೇಕು, ಯಾವ ಗೊತ್ತುವಳಿಯ ಮೇಲೆ ಯಾವುದನ್ನು ತರಬಹುದು, ಯಾವಾಗ ಬಾಯಿ ಮುಚ್ಚಬೇಕು ಎಂಬುದನ್ನು ಅವನು ಅವರ ಮೂಳೆಗೆ ಇಳಿಸಿದ್ದ. ಮರದ ಸುತ್ತಿಗೆಯ ಒಂದು ಪೆಟ್ಟಿಗೆ ಕೂರಬೇಕು, ಮೂರು ಪೆಟ್ಟಿಗೆ ಏಳಬೇಕು. "ಸಲಹೆಗಾರನಿಗೆ ಮತವಿಲ್ಲ. ಅಧ್ಯಕ್ಷರು ಕರೆಯದೆ ಅವನಿಗೆ ಬಾಯಿಯೂ ಇಲ್ಲ" ಎಂದು ಪ್ರತಿ ವರ್ಷ ಮೊದಲ ದಿನವೇ ಹೇಳಿ ನಗಿಸುತ್ತಿದ್ದ. ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವುದರಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆಯಿತ್ತು.

ಅಧ್ಯಕ್ಷೆ ಕೆನ್ನಾ ರೂಜಿಕಾ ಸುತ್ತಿಗೆ ಬಡಿದು, ವಾಡಿಕೆಯಂತೆ ಒಬ್ಬೊಬ್ಬ ಪದಾಧಿಕಾರಿಯನ್ನೂ ಅವರು ನಿಂತ ಜಾಗ ಯಾವುದು, ಯಾಕೆ ಅಲ್ಲಿ ಎಂದು ಕೇಳುತ್ತ ಬಂದಳು. ದ್ವಾರಪಾಲಕಿ ಎಲ್ಲಿ? ಬಾಗಿಲ ಬಳಿ, ಅಂದಳು ಮ್ಯಾರೆನ್. ಯಾಕೆ ಅಲ್ಲಿ? ಬರುವ ಗೆಳೆಯರಿಗೆ ಬಾಗಿಲು ತೆರೆಯಲಿಕ್ಕೆ, ಸಭೆಯ ಶಿಸ್ತು ಕೆಡದಂತೆ ನೋಡಿಕೊಳ್ಳಲಿಕ್ಕೆ, ಕೋಣೆಯನ್ನು ಬೆಚ್ಚಗಿಡಲಿಕ್ಕೆ. 'ಬೆಚ್ಚಗೆ' ಎಂದಾಗ ಹಿಂದಿನ ಸಾಲಿನಿಂದ ಯಾರೋ ಸಣ್ಣಗೆ "ಪಿಯ್ಞ್, ಪಿಯ್ಞ್" ಎಂದು ಕೋಳಿಮರಿಯ ದನಿ ತೆಗೆದರು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಮ್ಯಾರೆನ್ ಮುಖ ಅಲುಗಲಿಲ್ಲ. ಲೆಲ್ಯಾಂಡ್‌ನ ಕಿವಿಗಳು ಕೆಂಪಾದವು.

"ಸಲಹೆಗಾರರು ಎಲ್ಲಿ?"

"ಗೂಬೆಯ ಪಕ್ಕ" ಎಂದ ಲೆಲ್ಯಾಂಡ್.

"ಯಾಕೆ ಗೂಬೆಯ ಪಕ್ಕ?"

ವರ್ಷಗಟ್ಟಲೆ ಹೇಳಿದ ಉತ್ತರ. ಗೂಬೆ ಅರಿವಿನ ಗುರುತು, ನಿಮಗಿಂತ ನಾಲ್ಕು ಸುಗ್ಗಿ ಹೆಚ್ಚು ಕಂಡಿದ್ದೇನೆಂದು ನನ್ನನ್ನಿಲ್ಲಿ ಕೂರಿಸಿದ್ದಾರೆ, ಇತ್ಯಾದಿ. ಹೇಳಿದ. ಹೇಳುತ್ತ ಗೂಬೆಯನ್ನು ನೋಡಿದ. ಹಳೆಯ ಪಿಂಗಾಣಿ ಗೂಬೆ ಒಡೆದುಹೋದಮೇಲೆ, ಮಾಡಿನ ಪಾರಿವಾಳ ಓಡಿಸಲು ಮಾರುವ ಪ್ಲಾಸ್ಟಿಕ್ ಗೂಬೆಯನ್ನೇ ತಂದಿಟ್ಟಿದ್ದರು. ಅದರ ತಲೆ ಸ್ಪ್ರಿಂಗಿನ ಮೇಲೆ ಕೂತಿತ್ತು, ಹೀಟರಿನ ಗಾಳಿ ಬೀಸಿದರೆ ಮೆಲ್ಲಗೆ ತಿರುಗುತ್ತಿತ್ತು. ಬೊಹೀಮಿಯಾದಿಂದ ಹಡಗು ಹತ್ತಿ ಬಂದಿದ್ದ ಅವನ ಮುತ್ತಜ್ಜಿಗೆ ಗೂಬೆಯೆಂದರೆ ಅರಿವೂ ಅಲ್ಲ, ಗಿರಿವೂ ಅಲ್ಲ. ಕಿಟಕಿಯ ಹೊರಗೆ ಗೂಬೆ ಕೂಗಿದರೆ ಅದು 'ಬಾ, ಬಾ' ಎಂದು ಯಾರನ್ನೋ ಕರೆಯುತ್ತಿದೆ ಎಂದು ಅವಳು ದೀಪ ಆರಿಸುತ್ತಿದ್ದಳಂತೆ. ಕರೆಸಿಕೊಂಡವನು ಹೋಗಲೇಬೇಕಂತೆ. ಈ ಕಥೆಯನ್ನು ಅವನ ಅಪ್ಪ ಹೇಳುವಾಗ, 'ಯಾರನ್ನೂ ಕರೆಯದೆ ಬರೀ ನೋಡ್ತಾ ಕೂತರೆ?' ಎಂದು ಹುಡುಗ ಲೆಲ್ಯಾಂಡ್ ಕೇಳಿದ್ದ. 'ಅದು ಇನ್ನೂ ಕೆಟ್ಟದ್ದು' ಅಂದಿದ್ದ ಅಪ್ಪ.

ಡಾಸನ್ ಎದ್ದು ನಿಂತ. ಹಸುಗಳು ಈಯುವ ಕಾಲ. ಅವನ ಬೂಟಿನ ಮೇಲೆ ಒಣಗಿದ ಸಗಣಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಅಧ್ಯಕ್ಷರೇ, ಮ್ಯಾರೆನ್ ಸ್ಟುಲ್‌ಳನ್ನ ದ್ವಾರಪಾಲಕಿ ಸ್ಥಾನದಿಂದ ಬಿಡಿಸಬೇಕು ಅಂತ ಗೊತ್ತುವಳಿ ತರ್ತೀನಿ." ಅನುಮೋದಿಸಲು ಮೂರ್ನಾಲ್ಕು ದನಿಗಳು ಒಟ್ಟಿಗೇ ಎದ್ದವು. ಕೆನ್ನಾ ಚರ್ಚೆಗೆ ಬಿಟ್ಟಳು. "ನಂಗೆ ಅವಳ ಮೇಲೆ ಸಿಟ್ಟಿಲ್ಲ" ಎಂದ ಡಾಸನ್. "ಆದ್ರೆ ವಾರದಿಂದ ರಾತ್ರಿಯೆಲ್ಲ ಕೊಟ್ಟಿಗೇಲೇ ಇದೀನಿ. ನಾನು ಮರೆತು ಮಲಗಿದ್ರೆ ಕರು ಸಾಯುತ್ತೆ. 'ಅಯ್ಯೋ, ನಾನಲ್ಲ' ಅಂದ್ರೆ ಸತ್ತ ಕರು ಎದ್ದು ಬರುತ್ತಾ? ಪ್ರಾಣಿ ನೋಡ್ಕೊಳೋನು 'ನಾನೇ' ಅನ್ಬೇಕು, ಅಷ್ಟೇ." ಮಾತು ಸರಿಯಾಗಿತ್ತು. ಅಷ್ಟು ಸರಿಯಾಗಿತ್ತೆಂದರೆ ಲೆಲ್ಯಾಂಡ್ ತಲೆಯಾಡಿಸಿಬಿಟ್ಟ; ತಲೆಯಾಡಿಸಿದ್ದನ್ನು ಯಾರಾದರೂ ಕಂಡರೇ ಎಂದು ಸುತ್ತ ನೋಡಿದ. ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು ತನ್ನ ಮೊಟ್ಟೆಗೆ ತಾನು ಆಗಲೇ ಹೆಸರಿಟ್ಟಿದ್ದೆನೆಂದು ಹೇಳಿ ಮೂಗು ಒರೆಸಿಕೊಂಡಳು. ಈಗ ಹೇಳಬಹುದಿತ್ತು. ಕೈ ಎತ್ತಿದ್ದರೆ ಕೆನ್ನಾ ಕರೆಯುತ್ತಿದ್ದಳು. ಅಳುವ ಹುಡುಗಿಯ ಹಿಂದೆಯೇ ಎದ್ದರೆ ಚೆನ್ನಾಗಿರದು, ಇನ್ನೊಬ್ಬರು ಮಾತಾಡಲಿ, ಆಮೇಲೆ, ಎಂದುಕೊಂಡ.

ಮ್ಯಾರೆನ್ ಅನುಮತಿ ಕೇಳಿ ಹೇಳಿದಳು: "ನಾನು ಮೊಟ್ಟೆ ತಿರುಗಿಸಿ ಹೋದಾಗ ದೀಪ ಉರೀತಿತ್ತು. ಪ್ಲಗ್ ಮುಟ್ಟಿಲ್ಲ. ಇಷ್ಟೇ."

"ನೀನಲ್ದೆ ಮತ್ಯಾರು ಕಿತ್ರು?" ಎಂದ ಡಾಸನ್. "ಗೂಬೆನಾ?"

ಎಲ್ಲರೂ ಗೊಳ್ಳೆಂದರು. ಅದೇ ಹೊತ್ತಿಗೆ ಹೀಟರಿನ ಗಾಳಿ ಶುರುವಾಗಿ, ಗೂಬೆ ತನ್ನ ಪ್ಲಾಸ್ಟಿಕ್ ತಲೆಯನ್ನು ನಿಧಾನವಾಗಿ ತಿರುಗಿಸಿ, ಲೆಲ್ಯಾಂಡ್‌ನ ಕಡೆ ನೋಡಿ, ಅಲ್ಲೇ ನಿಂತಿತು. ನಗು ಇಮ್ಮಡಿಯಾಯಿತು. ಬಾಗಿಲ ಬಳಿ ಮ್ಯಾರೆನ್ ಕೂಡ ಗೂಬೆಯನ್ನು ನೋಡಿದಳು. ಅವಳು ನಗಲಿಲ್ಲ.

ಈ ನಗು ಇಳಿಯಲಿ, ಎಂದುಕೊಂಡ. ನಗು ಇಳಿಯುವಷ್ಟರಲ್ಲಿ ಯಾರೋ ಚರ್ಚೆ ಮುಗಿಸಬೇಕೆಂದು ಸೂಚಿಸಿ, ಯಾರೋ ಅನುಮೋದಿಸಿ, ಕೈಗಳು ಎದ್ದು, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಎಂದು ಕೆನ್ನಾ ಎಣಿಸಿ, ಸುತ್ತಿಗೆ ಬಡಿದಾಗಿತ್ತು. ಅವನ ಶಿಷ್ಯರಿಗೆ ಕೆಲಸ ಚುರುಕು. ಅವನು ಎದ್ದ.

"ಮಿಸ್ಟರ್ ಡಿ, ಚರ್ಚೆ ಮುಗಿದಿದೆ" ಎಂದಳು ಕೆನ್ನಾ.

"ಒಂದೇ ಮಾತು, ಕೆನ್ನಾ."

"ಅಧ್ಯಕ್ಷರೇ ಅನ್ಬೇಕು, ಸರ್."

"ಅಧ್ಯಕ್ಷರೇ. ಒಂದೇ ಒಂದು ಮಾತು."

"ಚರ್ಚೆ ಮುಚ್ಚಿದ್ಮೇಲೆ ಗವರ್ನರ್ ಬಂದ್ರೂ ಬಾಯಿ ತೆಗೆಯೋ ಹಂಗಿಲ್ಲ ಅಂತ ಹೇಳ್ಕೊಟ್ಟೋರು ನೀವೇ, ಸರ್. ದಯವಿಟ್ಟು." ಮತ್ತು ಒಂದು ಪೆಟ್ಟು.

ಅವನು ಕೂತುಬಿಟ್ಟ. ಯೋಚಿಸಿ ಕೂತದ್ದಲ್ಲ. ಆ ಪೆಟ್ಟಿಗೆ ಮಂಡಿಗಳು ತಾವೇ ಮಡಚಿಕೊಂಡವು, ಸೀಟಿ ಕೇಳಿದ ಕುರಿನಾಯಿಯಂತೆ. ಕೂತಮೇಲೆ ಎದೆಯೊಳಗೆ ಏನೋ ಹಗುರಾಯಿತು. 'ಪ್ರಯತ್ನ ಪಟ್ಟೆನಲ್ಲ, ಅವರೇ ಬಿಡಲಿಲ್ಲವಲ್ಲ' ಎಂಬ ಮಾತು ಒಳಗಿನಿಂದ, ಜೋಗುಳದಂತೆ, ಅವನದೇ ಭಾಷಣದ ದನಿಯಲ್ಲಿ ಕೇಳಿಸಿತು. ಶನಿವಾರ ಫಲಕ ಇಸಿದುಕೊಂಡಾಗಲೂ ಹೀಗೇ ಹಗುರಾಗಿತ್ತು. ಅವತ್ತು ಊಟದ ಮೇಜುಗಳಿಂದ ಚಪ್ಪಾಳೆ ಬಂದಾಗ, ಈ ಶಾಲೆಯ ಕತ್ತಲೆ ಕೋಣೆಯಲ್ಲಿ, ಹೆಸರು ಬರೆಸಿಕೊಂಡ ಮೊಟ್ಟೆಗಳೊಳಗೆ, ಆ ಮಿಡಿಯುವ ಚುಕ್ಕೆಗಳು ಒಂದೊಂದಾಗಿ ನಿಧಾನವಾಗುತ್ತ ಇದ್ದಿರಬೇಕು. ಈ ಹಗುರ ತನಗೆ ಬೇಡವೆನ್ನಿಸಿತು. ಮತ್ತೆ ಎದ್ದು ನಿಂತ.

ಆದರೆ ಅದೇ ಗಳಿಗೆಯಲ್ಲಿ ಕೆನ್ನಾ, "ಗೊತ್ತುವಳಿಯ ಪರವಾಗಿ ಇರೋರು ಎದ್ದು ನಿಲ್ಲಿ" ಎಂದಿದ್ದಳು. ಕುರ್ಚಿಗಳು ಕಿರ್ರೆಂದವು. ಎದ್ದವರ ನಡುವೆ, ಎಲ್ಲರಿಗಿಂತ ಮೊದಲು ಎದ್ದವನಾಗಿ, ಲೆಲ್ಯಾಂಡ್ ನಿಂತಿದ್ದ. ಸೋಮವಾರದಿಂದ ಅವನನ್ನು ನೇರ ನೋಡದಿದ್ದ ಮ್ಯಾರೆನ್ ಈಗ ನೋಡಿದಳು. ಅವಳ ಬಾಯಿ ಅರೆ ತೆರೆದಿತ್ತು. ಏನೇ ಆದರೂ ಇಷ್ಟನ್ನು ಅವಳು ನಿರೀಕ್ಷಿಸಿರಲಿಲ್ಲ.

"ಸರ್, ನಿಮಗೆ ಮತ ಇಲ್ಲ" ಎಂದ ಡಾಸನ್, ಮುಜುಗರದಿಂದ, ಅಜ್ಜನ ಅಂಗಿಯ ಗುಂಡಿ ಬಿಚ್ಚಿರುವುದನ್ನು ತೋರಿಸುವವನಂತೆ.

"ಗೊತ್ತು" ಎಂದ ಲೆಲ್ಯಾಂಡ್. ಮಾತಿಗೆ ಅಪ್ಪಣೆಯಿಲ್ಲ, ಏಳುವುದಕ್ಕೆ ಅರ್ಥ ಬೇರೆಯೇ ಆಗುತ್ತದೆ, ಕೂತರೆ ಮತ್ತೆ ಹಗುರಾಗುತ್ತದೆ. ನಡೆಯುವುದನ್ನು ತಡೆಯುವ ನಿಯಮವನ್ನು ಮಾತ್ರ ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವನು ನಡೆದ. ಈ ಸಲ ಕತ್ತು ತಿರುಗಿಸಲಿಲ್ಲ, ಬೆಂಚಿನ ಮೂಲೆ ತಾಗಲಿಲ್ಲ. ಕಪಾಟು ತೆಗೆದು ಕಾಫಿ ಯಂತ್ರವನ್ನು ಎರಡೂ ಕೈಯಲ್ಲಿ ಹೊರತಂದು ಕಟ್ಟೆಯ ಮೇಲಿಟ್ಟ. ಹಳದಿ ಚೀಟಿಯನ್ನು ಬಿಡಿಸಿ ಅಂಗಿಯ ಜೇಬಿಗೆ ಅಂಟಿಸಿಕೊಂಡ; ಇನ್ನೆಲ್ಲಿ ಅಂಟಿಸಬೇಕೆಂದು ತೋಚಲಿಲ್ಲ. ಕಾವಿನ ಪೆಟ್ಟಿಗೆಯ ಪ್ಲಗ್ ಕಿತ್ತ. ದೀಪ ಆರಿತು. ಯಂತ್ರದ ಪ್ಲಗ್ ಚುಚ್ಚಿದ. ಅದರ ಸಣ್ಣ ಕೆಂಪು ಕಣ್ಣು ಹೊತ್ತಿಕೊಂಡಿತು. ನೀರಿಲ್ಲದ ಯಂತ್ರ ಗೊರ್ರೆಂದು ಒಮ್ಮೆ ಕೆಮ್ಮಿತು.

ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದ ದಿನದ ಹಾಗೆಯೇ ಎಲ್ಲರೂ ನೋಡುತ್ತಿದ್ದರು. ಬೆಳಕು ಈಗ ಅವನ ಮೂಲಕ ಹಾಯುತ್ತಿತ್ತು. ಒಳಗೆ ಏನಿದೆ, ಏನಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು.

"ಅಯ್ಯಯ್ಯೋ" ಎಂದ ಡಾಸನ್, ಮತ್ತು ತಾನು ನಿಂತಿರುವುದು ನೆನಪಾಗಿ ಮೆಲ್ಲಗೆ ಕೂತ. ಅವನ ಹಿಂದೆ ಇನ್ನಿಬ್ಬರು ಕೂತರು. ಕೆನ್ನಾ ಸುತ್ತಿಗೆಯನ್ನು ಎತ್ತಿ ಹಿಡಿದವಳು ಎಷ್ಟು ಪೆಟ್ಟು ಬಡಿಯಬೇಕೆಂದು ತಿಳಿಯದೆ ನಿಂತಿದ್ದಳು. ಇಂಥದಕ್ಕೆ ಪೆಟ್ಟನ್ನು ಅವನು ಹೇಳಿಕೊಟ್ಟಿರಲಿಲ್ಲ.

"ಅಧ್ಯಕ್ಷರೇ" ಎಂಬ ದನಿ ಬಾಗಿಲ ಕಡೆಯಿಂದ ಬಂತು. ಮ್ಯಾರೆನ್. "ಮತ ಹಾಕೋ ಹೊತ್ತಲ್ಲಿ ಸಭೆಯ ಶಿಸ್ತು ಕೆಟ್ಟಿದೆ. ಕೆಡಿಸಿದೋರನ್ನ ಹೊರಗೆ ಕರ್ಕೊಂಡು ಹೋಗೋದು ದ್ವಾರಪಾಲಕಿ ಕೆಲಸ. ಸದ್ಯಕ್ಕಂತೂ ಅದು ನಾನೇ."

"ಹೋಗು" ಎಂದಳು ಕೆನ್ನಾ, ಬದುಕಿಕೊಂಡೆ ಎಂಬಂತೆ.

ಮ್ಯಾರೆನ್ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು. "ಬನ್ನಿ, ಮಿಸ್ಟರ್ ಡಿ. ಬನ್ನಿ."

ಕರೆಸಿಕೊಂಡವನು ಹೋದ.

ಹೊರಗೆ ಪಡಸಾಲೆ ತಣ್ಣಗಿತ್ತು. ಹಳೆಯ ತಂಡಗಳ ಚಿತ್ರಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು. ಒಂದರಲ್ಲಿ, ತುಂಬು ಕೂದಲಿನ ಲೆಲ್ಯಾಂಡ್ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಕ್ಯಾಮೆರಾವನ್ನು ಹೆದರಿಸುವಂತೆ ನೋಡುತ್ತಿದ್ದ. ಇಬ್ಬರೂ ಅದರ ಕೆಳಗೆ, ಗೋಡೆಗೆ ಒರಗಿ ನಿಂತರು. ಅವನ ಬಳಿ ಮಂಗಳವಾರದ ಮಾತುಗಳಿದ್ದವು, ಬುಧವಾರದವಿದ್ದವು. ಒಂದೂ ಇವತ್ತಿಗೆ ಹೊಂದಲಿಲ್ಲ.

"ಶುಕ್ರವಾರ ಕೈಗವಸು ಮರೆತು ವಾಪಸ್ ಬಂದಿದ್ದೆ" ಎಂದಳು ಮ್ಯಾರೆನ್, ಎದುರಿನ ಗೋಡೆ ನೋಡುತ್ತ. "ನೀವು ಕುರ್ಚಿಗಳಿಗೆ ಏನೋ ಹೇಳ್ತಾ ಇದ್ರಿ. ಲೋಟ ಕೈಲಿತ್ತು. ತೊಂದ್ರೆ ಕೊಡೋದು ಬೇಡ ಅಂತ ಬಾಗಿಲಲ್ಲೇ ನಿಂತು ಕೇಳ್ದೆ. ಕೈಗವಸು ತಗೊಳ್ದೇ ಹೋದೆ."

"ಪೂರ್ತಿ ಕೇಳಿದೆಯಾ?"

"ಪೂರ್ತಿ. ಎರಡು ಸಲ ಹೇಳಿದ್ರಲ್ಲ. ಭಾಷಣ ಚೆನ್ನಾಗಿತ್ತು, ಸರ್. ನಾನು ನಂಬಿದ್ದೆ. ಕಾಫಿನೂ ಚೆನ್ನಾಗಿತ್ತಾ?"

ಅವಳು ತಿರುಗಿ ಅವನ ಜೇಬಿನ ಮೇಲಿದ್ದ ಹಳದಿ ಚೀಟಿಯನ್ನು ಓದಿದಳು, ತನ್ನ ಹೆಸರನ್ನು. ಅದರ ತುದಿ ಏಳುತ್ತಿತ್ತು. ಒಂದು ಬೆರಳಿನಿಂದ ಒತ್ತಿ ಸರಿಯಾಗಿ ಅಂಟಿಸಿದಳು.

"ನೀನೇ ಯಾಕೆ ಹೇಳಲಿಲ್ಲ?" ಎಂದ ಕೊನೆಗೆ.

"ಪ್ರಾಣಿ ನೋಡ್ಕೊಳೋನೇ 'ನಾನು' ಅನ್ಬೇಕು ಅಂತ ಡಾಸನ್ ಹೇಳಿದ್ನಲ್ಲ. ಅವನಿಗೆ ಅದನ್ನ ಹೇಳ್ಕೊಟ್ಟೋರು ಯಾರು?" ಎಂದಳು. "ಕಾಯ್ತಿದ್ದೆ. ನಿನ್ನೆ ತಟ್ಟೆ ಹಿಡ್ಕೊಂಡು ಬಂದ್ರಲ್ಲ, ಬಂತು ಅನ್ಕೊಂಡೆ. ರೋಲ್ ಹೆಂಗಿದೆ ಅಂತ ಕೇಳಿ ಹೋದ್ರಿ."

ಕ್ಷಮಿಸಿದ್ದಾಳೋ ಇಲ್ಲವೋ ಅವಳ ದನಿಯಿಂದ ತಿಳಿಯುವ ಹಾಗಿರಲಿಲ್ಲ. ಒಳಗಿನಿಂದ ಗುಜುಗುಜು, ಕುರ್ಚಿಗಳ ಸದ್ದು, ಡಾಸನ್‌ನ ದಪ್ಪ ದನಿ. ಆಮೇಲೆ ಸುತ್ತಿಗೆಯ ಒಂದು ಪೆಟ್ಟು. ಪಡಸಾಲೆಯಲ್ಲಿ ಕೂರಲು ಏನೂ ಇರಲಿಲ್ಲ. ಇದ್ದಿದ್ದರೆ ಇಬ್ಬರೂ ಕೂತುಬಿಡುತ್ತಿದ್ದರು. ಅದು ಹೊಳೆದು ಮ್ಯಾರೆನ್ ಮೂಗಿನಲ್ಲೇ ನಕ್ಕಳು.

ಕೆನ್ನಾ ಬಾಗಿಲಿಂದ ತಲೆ ಹೊರಗೆ ಹಾಕಿದಳು. "ಮ್ಯಾರೆನ್, ಬಾಗಿಲ ಹತ್ರ ಯಾರೂ ಇಲ್ದೆ ಸಭೆ ನಡೆಸೋದು ಹೆಂಗೆ? ಬಾ ಒಳಗೆ, ಗೊತ್ತುವಳಿ ಬಿದ್ದುಹೋಯ್ತು. ಡಾಸನ್ನೇ ಎದುರು ಮತ ಹಾಕ್ದ. ಮತ್ತೆ ನೀವೂ ಬನ್ನಿ, ಮಿಸ್ಟರ್ ಡಿ. ಹೊಸ ಗೊತ್ತುವಳಿ ಬಂದಿದೆ. ನಿಮ್ಮ ಮೇಲೆ."

"ಏನದು?"

"ಮುಂದಿನ ಸಲ ಮರಿ ಮೊಟ್ಟೆಯೊಡೆದು ಬರೋ ತನಕ ರಾತ್ರಿ ಹಗಲು ಎಲ್ಲಾ ಪಾಳಿ ನಿಮ್ಮದು. ಕಾಫಿ ಯಂತ್ರ ದ್ವಾರಪಾಲಕಿ ವಶಕ್ಕೆ. ಡಾಸನ್ ಇನ್ನೂ ಏನೇನೋ ಸೇರಿಸ್ಬೇಕು ಅಂತಿದಾನೆ."

"ಇದರ ಮೇಲೆ ಚರ್ಚೆ ಇದೆಯಾ?"

"ಇದೆ" ಎಂದಳು ಕೆನ್ನಾ. "ಕೈ ಎತ್ತಿ. ಕರೆದಾಗ ಮಾತಾಡಿ."

ಅವನು ಒಳಗೆ ಹೋಗಿ ಗೂಬೆಯ ಪಕ್ಕದ ಕುರ್ಚಿಯಲ್ಲಿ ಕೂತ. ಗಾಳಿ ನಿಂತಿತ್ತು, ಗೂಬೆ ಅವನನ್ನು ಬಿಟ್ಟು ಬೇರೆಲ್ಲೋ ನೋಡುತ್ತಿತ್ತು. ಯಾರೋ ಕಾವಿನ ಪೆಟ್ಟಿಗೆಯ ಪ್ಲಗ್ಗನ್ನು ಮತ್ತೆ ಚುಚ್ಚಿದ್ದರು. ಹಿಂದೆ ಮ್ಯಾರೆನ್ ಬಾಗಿಲು ಎಳೆದುಕೊಂಡ ಸದ್ದಾಯಿತು. ಲೆಲ್ಯಾಂಡ್ ಕೈ ಎತ್ತಿದ. ಕೆನ್ನಾ ನೋಡಿದಳು, ಮತ್ತು ಮೊಟ್ಟೆಗೆ ಹೆಸರಿಟ್ಟಿದ್ದ ಹುಡುಗಿಯನ್ನು ಮೊದಲು ಕರೆದಳು, ಆಮೇಲೆ ಡಾಸನ್‌ನನ್ನು, ಆಮೇಲೆ ಹಿಂದಿನ ಸಾಲಿನ, ಕೋಳಿಮರಿಯ ದನಿ ತೆಗೆದವನನ್ನು. ಅವರಿಗೆ ಹೇಳಲಿಕ್ಕೆ ಬಹಳ ಇತ್ತು. ತೋಳು ಸೋಲತೊಡಗಿತು. ಅವನು ಕೈ ಇಳಿಸಲಿಲ್ಲ.